ಲೈಟ್ ಪೇಂಟಿಂಗ್ ಫೋಟೊ ಕೆಟ್ಟಿತಾ? ಕೆಟ್ಟದ್ದು ಗೆರೆಯೋ, ಹಿನ್ನೆಲೆಯೋ ಮೊದಲು ನೋಡಿ

ಲೈಟ್ ಪೇಂಟಿಂಗ್ ಅಂದ್ರೆ ಕತ್ತಲಲ್ಲಿ ಶಟರ್ ತೆರೆದಿಟ್ಟು ಟಾರ್ಚ್ ಬೆಳಕಿನಿಂದ ಚಿತ್ರ ಬರೆಯುವುದು. ಈ ಫೋಟೊ ಸರಿ ಬರಲಿಲ್ಲ ಅಂದ್ರೆ ಹೆಚ್ಚಿನವರ ಕೈ ಮೊದಲು ಹೋಗುವುದು ಶಟರ್ ಸ್ಪೀಡ್ ಕಡೆಗೆ, ಅಂದ್ರೆ ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದರ ಕಡೆಗೆ. ಬೆಳಕು ಜಾಸ್ತಿ ಆಗಿದೆಯಾ, 30 ಸೆಕೆಂಡನ್ನು 15 ಮಾಡು. ಕಪ್ಪಗಿದೆಯಾ, ಒಂದು ನಿಮಿಷ ಮಾಡು. ಹಗಲಿನ ಫೋಟೊಗೆ ಈ ಲೆಕ್ಕ ಸರಿ. ಇಲ್ಲಿ ಅರ್ಧ ಮಾತ್ರ ಸರಿ, ಉಳಿದ ಅರ್ಧ ಹುಡುಕುವುದರಲ್ಲೇ ರಾತ್ರಿ ಕಳೆದುಹೋಗುತ್ತದೆ.

ಯಾಕೆ ಅಂದ್ರೆ ಈ ಒಂದು ಫೋಟೊದೊಳಗೆ ಎರಡು ಎಕ್ಸ್‌ಪೋಶರ್ (ಸೆನ್ಸರಿಗೆ ಬೀಳುವ ಬೆಳಕಿನ ಲೆಕ್ಕ) ಇರುತ್ತವೆ. ಒಂದು, ನೀವು ಟಾರ್ಚ್ ಹಿಡಿದು ಗಾಳಿಯಲ್ಲಿ ಎಳೆದ ಗೆರೆ. ಇನ್ನೊಂದು, ಅದರ ಹಿಂದೆ ನಿಂತಿರುವ ಬಂಡೆ, ಮರ, ಆಕಾಶ. ಹಿನ್ನೆಲೆ ಅಲ್ಲಾಡುವುದಿಲ್ಲ, ಹಾಗಾಗಿ ಶಟರ್ ತೆರೆದಿರುವಷ್ಟು ಹೊತ್ತೂ ಸೆನ್ಸರಿನ ಅದೇ ಜಾಗಕ್ಕೆ ಬೆಳಕು ಬೀಳುತ್ತಲೇ ಇರುತ್ತದೆ. ಗೆರೆ ಹಾಗಲ್ಲ. ಟಾರ್ಚ್ ಒಂದೊಂದು ಜಾಗದಲ್ಲಿ ಇರುವುದು ಸೆಕೆಂಡಿನ ಒಂದು ಚೂರು ಮಾತ್ರ, ಆಮೇಲೆ ಮುಂದೆ ಹೋಗಿಬಿಡುತ್ತದೆ. ಶಟರ್ 10 ಸೆಕೆಂಡ್ ಇರಲಿ, 10 ನಿಮಿಷ ಇರಲಿ, ಗೆರೆಯ ಹೊಳಪು ಅಷ್ಟೇ. ರಂಗೋಲಿ ಹಾಕುವವರ ಕೈ ನೋಡಿ: ಕೈ ನಿಧಾನವಾದರೆ ಎಳೆ ದಪ್ಪ, ಬೇಗ ಓಡಿದರೆ ಎಳೆ ಸಣ್ಣ. ಅವರು ಅಂಗಳದಲ್ಲಿ ಎಷ್ಟು ಹೊತ್ತು ಕೂತಿದ್ದರು ಅನ್ನುವುದಕ್ಕೂ ಎಳೆಯ ದಪ್ಪಕ್ಕೂ ಸಂಬಂಧ ಇಲ್ಲ.

ಅಂದ್ರೆ ಗೆರೆಯ ಹೊಳಪು ನಿಂತಿರುವುದು ಟಾರ್ಚಿನ ಶಕ್ತಿ, ಕೈಯ ವೇಗ, ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ; ಎಫ್/ ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಚಿಕ್ಕದು), ಐಎಸ್‌ಒ (ಬಿದ್ದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸಬೇಕು ಅನ್ನುವ ಸಂಖ್ಯೆ) ಮೇಲೆ. ಹಿನ್ನೆಲೆಯ ಹೊಳಪು ನಿಂತಿರುವುದು ಶಟರ್ ಸಮಯ, ಅಪರ್ಚರ್, ಐಎಸ್‌ಒ ಮೇಲೆ. ಅಪರ್ಚರ್ ಮತ್ತು ಐಎಸ್‌ಒ ಎರಡಕ್ಕೂ ಸೇರಿದವು. ಶಟರ್ ಸಮಯ ಹಿನ್ನೆಲೆಗೆ ಮಾತ್ರ. ಕೆಳಗೆ ಬರುವ ಬಹುತೇಕ ದೋಷಗಳನ್ನು ಇದೊಂದರಿಂದಲೇ ಹಿಡಿಯಬಹುದು. ದುರ್ಗ (ಚಿತ್ರದುರ್ಗ), ದಾವಣಗೆರೆ ಕಡೆ ರಾತ್ರಿ ಟ್ರೈಪಾಡ್ ಹೊತ್ತು ಹೋಗುವ ಹುಡುಗರು "ಅಣ್ಣಾ, ಐಎಸ್‌ಒ ಎಷ್ಟಿಡ್ಲಿ?" ಅಂತ ಕೇಳಿದಾಗ ಹೇಳುವ ಮೊದಲ ಮಾತೂ ಇದೇ: "ಮೊದ್ಲು ಟಾರ್ಚ್ ಹಚ್ಚದೆ ಒಂದು ಫೋಟೊ ತೆಗಿ ತಮ್ಮಾ, ಹಿನ್ನೆಲೆ ನೋಡೋಣ."

ಗೆರೆ ಬೆಳ್ಳಗಾಗಿದೆ, ಬಣ್ಣವೇ ಇಲ್ಲ

ಕೆಂಪು ಟಾರ್ಚ್ ಬೀಸಿದ್ದೀರಿ. ಫೋಟೊದಲ್ಲಿ ನಡುವೆ ಬಿಳಿ, ಅಂಚಿನಲ್ಲಿ ಮಾತ್ರ ಸ್ವಲ್ಪ ಕೆಂಪು. ಇದು ಗೆರೆಯ ಎಕ್ಸ್‌ಪೋಶರ್ ಜಾಸ್ತಿ ಆಗಿರುವುದು. ಶಟರ್ ಮುಟ್ಟಬೇಡಿ. ಅಪರ್ಚರನ್ನು ಎಫ್/8 ಇಂದ ಎಫ್/11ಕ್ಕೆ ತನ್ನಿ. ಗೆರೆ ಒಂದು ಸ್ಟಾಪ್ ಇಳಿಯುತ್ತದೆ, ಅಂದ್ರೆ ಬೆಳಕು ಅರ್ಧವಾಗುತ್ತದೆ, ಬಣ್ಣ ವಾಪಸ್ ಬರುತ್ತದೆ. ಹಿನ್ನೆಲೆಯೂ ಜೊತೆಗೆ ಒಂದು ಸ್ಟಾಪ್ ಕಪ್ಪಾಗುತ್ತದೆ, ಅದನ್ನು ಸರಿ ಮಾಡಲು ಈಗ ಶಟರ್ ಸಮಯವನ್ನು ಎರಡರಷ್ಟು ಮಾಡಿ. ಎಫ್/8, ಐಎಸ್‌ಒ 200, 30 ಸೆಕೆಂಡ್ ಇದ್ದದ್ದು ಎಫ್/11, ಐಎಸ್‌ಒ 200, 60 ಸೆಕೆಂಡ್ ಆಗುತ್ತದೆ. ಹಿನ್ನೆಲೆ ಇದ್ದ ಹಾಗೇ ಇದೆ, ಗೆರೆ ಮಾತ್ರ ಅರ್ಧಕ್ಕೆ ಇಳಿಯಿತು. ಇದನ್ನು ಒಂದು ಸಲ ಹೊಲದಲ್ಲಿ ನಿಂತು ಮಾಡಿ ನೋಡಿ. ಓದಿದ್ದಕ್ಕಿಂತ ಜಾಸ್ತಿ ಅರ್ಥವಾಗುತ್ತದೆ.

30 ಸೆಕೆಂಡ್ ದಾಟಬೇಕಾದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಬಲ್ಬ್ ಮೋಡ್ (ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುವ ಮೋಡ್) ಬೇಕು, ಜೊತೆಗೆ ಲಾಕ್ ಆಗುವ ರಿಮೋಟ್. ಬೆರಳಲ್ಲಿ ಬಟನ್ ಒತ್ತಿಕೊಂಡು ನಿಂತರೆ ಫೋಟೊ ಅಲ್ಲಾಡುವುದು ಖಂಡಿತ.

ಎಫ್/16 ದಾಟಿ ಎಫ್/22ಕ್ಕೆ ಹೋಗಬೇಡಿ, ಅಲ್ಲಿ ಲೆನ್ಸಿನ ಮೊನಚು ಕಾಣುವಷ್ಟು ಕಡಿಮೆಯಾಗುತ್ತದೆ. ಅಷ್ಟಕ್ಕೂ ಗೆರೆ ಬೆಳ್ಳಗೇ ಬಂದರೆ ಟಾರ್ಚೇ ಜಾಸ್ತಿ ಆಯಿತು ಅಂತ ಅರ್ಥ. ಟಾರ್ಚಿನ ಬಾಯಿಗೆ ಒಂದೆರಡು ಪದರ ಬಿಳಿ ಹಾಳೆ ಕಟ್ಟಿ. ಬೆಳಕು ಇಳಿಯುತ್ತದೆ, ಜೊತೆಗೆ ಗೆರೆ ಮೆತ್ತಗೆ, ಅಗಲವಾಗಿ ಬರುತ್ತದೆ. ಬಣ್ಣಕ್ಕೆ ಸ್ಟೇಷನರಿ ಅಂಗಡಿಯ ಜಿಲೆಟಿನ್ ಪೇಪರ್ ಸಾಕು. ಒಂದು ಪದರದಲ್ಲಿ ಬಣ್ಣ ತೆಳುವಾಗಿ ಬಂದರೆ ಎರಡಾಗಿ ಮಡಚಿ.

ಗೆರೆ ಕಾಣುವುದೇ ಇಲ್ಲ ಅನ್ನುವುದು ಇದಕ್ಕೆ ಉಲ್ಟಾ. ಕೈ ನಿಧಾನ ಮಾಡಿ, ಇಲ್ಲವೇ ಅಪರ್ಚರ್ ತೆರೆಯಿರಿ. ಟಾರ್ಚಿನ ಮುಖ ಕ್ಯಾಮೆರಾ ಕಡೆಗೇ ಇದೆಯಾ ಅಂತಲೂ ನೋಡಿ. ಕಿರಿದಾದ ಬೆಳಕಿನ ಟಾರ್ಚ್ ಸ್ವಲ್ಪ ತಿರುಗಿದರೂ ಗೆರೆ ಮಧ್ಯೆ ಮಧ್ಯೆ ಮಾಯವಾಗುತ್ತದೆ. ಸುತ್ತ ಬೆಳಕು ಚೆಲ್ಲುವ ಚಿಕ್ಕ ಎಲ್‌ಇಡಿ ಆದರೆ ಈ ತೊಂದರೆ ಇಲ್ಲ.

ಗೆರೆ ಚುಕ್ಕಿ ಚುಕ್ಕಿಯಾಗಿ ಬಂದಿದೆ

ಇದು ಕ್ಯಾಮೆರಾ ದೋಷ ಅಂದುಕೊಂಡು ಸರ್ವಿಸ್‌ಗೆ ಕೊಡಲು ಹೊರಟವರಿದ್ದಾರೆ. ಕ್ಯಾಮೆರಾ ಸರಿಯಾಗಿಯೇ ಇದೆ. ನಿಮ್ಮ ದೀಪ ಮಿಟುಕುತ್ತಿದೆ, ಕಣ್ಣಿಗೆ ಅದು ಕಾಣುವುದಿಲ್ಲ, ಅಷ್ಟೇ.

ಎಷ್ಟೋ ಎಲ್‌ಇಡಿ ಟಾರ್ಚ್‌ಗಳು ಬೆಳಕು ಕಡಿಮೆ ಮಾಡುವುದು ಕರೆಂಟ್ ಇಳಿಸಿ ಅಲ್ಲ, ದೀಪವನ್ನು ಬಹಳ ಬೇಗ ಬೇಗ ಆರಿಸಿ ಹೊತ್ತಿಸಿ. ಬಣ್ಣ ಬದಲಿಸುವ ಎಲ್‌ಇಡಿ ಪಟ್ಟಿಗಳೂ ಹಾಗೇ. ಮನೆಯ ಕರೆಂಟಿಗೆ ಹಾಕುವ ಅಗ್ಗದ ಎಲ್‌ಇಡಿ ಬಲ್ಬು 50 ಹರ್ಟ್ಸ್ ಲೈನಿನಲ್ಲಿ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕೈ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೀಸಿದರೆ, ಸೆಕೆಂಡಿಗೆ 100 ಸಲ ಮಿಟುಕುವ ದೀಪ 3 ಸೆಂಟಿಮೀಟರಿಗೆ ಒಂದು ಚುಕ್ಕಿ ಇಡುತ್ತದೆ. ಹೆದ್ದಾರಿ 48ರ ಪಕ್ಕ ನಿಂತು ವಾಹನಗಳ ಬೆಳಕಿನ ಗೆರೆ ತೆಗೆಯುವಾಗ ಕೆಲವು ಕಾರಿನ ಹಿಂದಿನ ದೀಪ ಮಾತ್ರ ಚುಕ್ಕಿಯಾಗಿ ಬರುವುದಕ್ಕೂ ಇದೇ ಕಾರಣ.

ಪರೀಕ್ಷೆ ಸುಲಭ. ಟಾರ್ಚನ್ನು ಪೂರ್ತಿ ಬೆಳಕಿಗೆ ಹಾಕಿ ಒಮ್ಮೆ, ಕಡಿಮೆ ಬೆಳಕಿಗೆ ಹಾಕಿ ಒಮ್ಮೆ ಬೀಸಿ. ಪೂರ್ತಿ ಬೆಳಕಿನಲ್ಲಿ ಗೆರೆ ಸಲೀಸಾಗಿ ಬಂದು ಕಡಿಮೆಯಲ್ಲಿ ಚುಕ್ಕಿ ಬಂದರೆ ಕಾರಣ ಸಿಕ್ಕಿತು. ಯಾವಾಗಲೂ ಪೂರ್ತಿ ಬೆಳಕಿನಲ್ಲಿಟ್ಟು, ಜಾಸ್ತಿ ಆದದ್ದನ್ನು ಹಾಳೆ ಕಟ್ಟಿ ಇಳಿಸಿ. ಎರಡರಲ್ಲೂ ಚುಕ್ಕಿ ಬಂದರೆ ಬೇರೆ ದೀಪ ಹುಡುಕಿ.

ಚುಕ್ಕಿಯೇ ಬೇಕು ಅಂತ ಮಾಡಿದವರೂ ಇದ್ದಾರೆ. 1910ರ ದಶಕದಲ್ಲಿ ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ ಕೆಲಸಗಾರರ ಕೈಗೆ ಪುಟ್ಟ ದೀಪ ಕಟ್ಟಿ, ಶಟರ್ ತೆರೆದಿಟ್ಟು, ಅವರ ಕೈ ಓಡಾಡಿದ ದಾರಿಯನ್ನು ಗೆರೆಯಾಗಿ ಹಿಡಿದರು. ದೀಪ ಲೆಕ್ಕಕ್ಕೆ ಸರಿಯಾಗಿ ಮಿಟುಕುವ ಹಾಗೆ ಮಾಡಿ, ಚುಕ್ಕಿಗಳನ್ನು ಎಣಿಸಿ ಕೈಯ ವೇಗ ಅಳೆದರು. ಚುಕ್ಕಿ ಹತ್ತಿರ ಇದ್ದಲ್ಲಿ ಕೈ ನಿಧಾನ, ದೂರ ಇದ್ದಲ್ಲಿ ಕೈ ಬೇಗ. ನಿಮ್ಮ ಫೋಟೊದಲ್ಲೂ ಹಾಗೇ ಓದಬಹುದು.

ಎಲ್ಲಾ ಮಸುಕು

ಮಸುಕು ಅಂದ್ರೆ ಒಂದೇ ಅಲ್ಲ. ಫೋಟೊದಲ್ಲಿ ದೂರದ ಯಾವುದಾದರೂ ಒಂಟಿ ದೀಪ ಹುಡುಕಿ, ತೋಟದ ಮನೆಯದ್ದೋ, ಗುಡ್ಡದ ಆಚೆ ಊರಿನದ್ದೋ. ಅದನ್ನು ಪೂರ್ತಿ ಜೂಮ್ ಮಾಡಿ ನೋಡಿ. ಅದು ದುಂಡಗಿನ ಬಿಲ್ಲೆಯಾಗಿ ಹರಡಿದ್ದರೆ ಫೋಕಸ್ ತಪ್ಪಿದೆ. ಹುಳು ಹರಿದ ಹಾಗೆ ಚಿಕ್ಕ ಡೊಂಕು ಗೆರೆಯಾಗಿದ್ದರೆ ಟ್ರೈಪಾಡ್ ಅಲ್ಲಾಡಿದೆ. ದೀಪ ಸರಿಯಾಗಿದ್ದು ನಕ್ಷತ್ರಗಳು ಮಾತ್ರ ಉದ್ದವಾಗಿದ್ದರೆ ಯಾವ ದೋಷವೂ ಇಲ್ಲ, ಭೂಮಿ ತಿರುಗಿದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸಿನ 18 ಎಂಎಂನಲ್ಲಿ, ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ, ಸುಮಾರು 18 ಸೆಕೆಂಡ್ ದಾಟಿದರೆ ನಕ್ಷತ್ರ ಎಳೆದ ಹಾಗೆ ಕಾಣಲು ಶುರು. ಈ ಒಂದು ದೀಪದ ಪರೀಕ್ಷೆ ಅರ್ಧ ನಿಮಿಷದ್ದು, ಉಳಿಸುವುದು ಅರ್ಧ ರಾತ್ರಿ.

ಫೋಕಸ್ ತಪ್ಪಿದ್ದರೆ: ಕತ್ತಲಲ್ಲಿ ಆಟೊಫೋಕಸ್ ತಡಕಾಡುತ್ತದೆ, ಅದನ್ನು ನಂಬಬೇಡಿ. ನೀವು ಗೆರೆ ಎಳೆಯುವ ಜಾಗದಲ್ಲಿ ಸ್ನೇಹಿತರನ್ನು ಟಾರ್ಚ್ ಹಿಡಿದು ನಿಲ್ಲಿಸಿ. ಲೈವ್ ವ್ಯೂನಲ್ಲಿ, ಅಂದ್ರೆ ಕ್ಯಾಮೆರಾ ಹಿಂದಿನ ಪರದೆಯಲ್ಲಿ, ಆ ಟಾರ್ಚಿನ ಮೇಲೆ ಜೂಮ್ ಮಾಡಿ ಫೋಕಸ್ ಹಿಡಿಯಿರಿ. ಆಮೇಲೆ ಲೆನ್ಸನ್ನು ಮ್ಯಾನುಯಲ್‌ಗೆ ಹಾಕಿ, ರಿಂಗಿಗೆ ಒಂದು ತುಂಡು ಟೇಪ್ ಅಂಟಿಸಿ. ಟೇಪ್ ಬೇಕೇ ಬೇಕು. ಕತ್ತಲಲ್ಲಿ ಬ್ಯಾಗಿನಿಂದ ಏನೋ ತೆಗೆಯುವಾಗ ತೋಳು ತಾಗಿ ರಿಂಗ್ ತಿರುಗುವುದು ಗೊತ್ತೇ ಆಗುವುದಿಲ್ಲ.

ಟ್ರೈಪಾಡ್ ಅಲ್ಲಾಡಿದ್ದರೆ, ಕಾರಣ ಜಾಗದ ಮೇಲೆ ಹೋಗುತ್ತದೆ. ದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ ಇರುವುದು ಅಲ್ಲಿ ಅಷ್ಟು ಗಾಳಿ ಇರುವುದರಿಂದಲೇ. ಆಷಾಢದ ದಿನಗಳಲ್ಲಿ ಬಯಲಲ್ಲಿ ನಿಂತರೆ ಹಗುರ ಟ್ರೈಪಾಡ್ ನಡುಗುತ್ತದೆ. ನಡುವಿನ ಕಂಬ ಎತ್ತಬೇಡಿ. ಕೆಳಗಿನ ಸಣ್ಣ ಕಾಲುಗಳನ್ನು ಎಳೆಯದೆ ಗಿಡ್ಡವಾಗಿ ನಿಲ್ಲಿಸಿ. ಬ್ಯಾಗ್ ತೂಗು ಹಾಕುವುದಾದರೆ ಅದರ ತಳ ನೆಲಕ್ಕೆ ತಾಗಿರಲಿ, ಗಾಳಿಗೆ ತೂಗಾಡುವ ಬ್ಯಾಗ್ ಟ್ರೈಪಾಡನ್ನೂ ತೂಗಿಸುತ್ತದೆ. ಕ್ಯಾಮೆರಾ ಕತ್ತಿನ ಪಟ್ಟಿ ಬಿಚ್ಚಿಡಿ, ಗಾಳಿಗೆ ಅದು ಪಟಪಟ ಬಡಿಯುತ್ತದೆ. ಬಂಡೆಯ ಮರೆ ಸಿಕ್ಕರೆ ಅಲ್ಲೇ ನಿಲ್ಲಿ.

ದಾವಣಗೆರೆ ಕಡೆ ತೊಂದರೆ ಬೇರೆ. ಭದ್ರಾ ನಾಲೆಯ ನೀರಿನ ಗದ್ದೆ ಬದು, ಮಳೆ ಬಿದ್ದ ಎರೆಹೊಲ, ಎರಡೂ ಮೆತ್ತಗಿರುತ್ತವೆ. ಟ್ರೈಪಾಡ್ ಕಾಲು ನಿಮಿಷಕ್ಕೆ ಕೂದಲೆಳೆಯಷ್ಟು ಇಳಿದರೂ ಫೋಟೊ ಕೆಡುತ್ತದೆ. ಕಾಲಿನ ಅಡಿ ಚಪ್ಪಟೆ ಕಲ್ಲೋ ಒಡೆದ ಟೈಲ್ಸ್ ತುಂಡೋ ಇಟ್ಟು, ಒಂದು ಸಲ ಗಟ್ಟಿಯಾಗಿ ಒತ್ತಿ, ಆಮೇಲೆ ಫ್ರೇಮ್ ಮಾಡಿ. ಹೆದ್ದಾರಿಯ ಮೇಲ್ಸೇತುವೆ ಮೇಲೆ ನಿಂತರೆ ಪ್ರತಿ ಲಾರಿಗೂ ಸೇತುವೆ ನಡುಗುತ್ತದೆ. ಅಲ್ಲಿಂದ ತೆಗೆಯುವುದಕ್ಕಿಂತ ಪಕ್ಕದ ಗಟ್ಟಿ ನೆಲದಿಂದ ತೆಗೆಯುವುದು ಒಳ್ಳೆಯದು, ಜೀವಕ್ಕೂ ಅದೇ ಒಳ್ಳೆಯದು.

ಟ್ರೈಪಾಡ್ ಮೇಲಿದ್ದಾಗ ಲೆನ್ಸಿನ ಸ್ಟೆಬಿಲೈಸೇಶನ್ (ಕೈನಡುಕ ತಡೆಯುವ ವ್ಯವಸ್ಥೆ) ಆಫ್ ಮಾಡಿ. ಇಲ್ಲದ ಅಲುಗಾಟ ಹುಡುಕಿ ಕೆಲವು ಲೆನ್ಸ್‌ಗಳು ತಾವೇ ಅಲುಗಾಡುತ್ತವೆ. ಇನ್ನು ಮೆಕ್ಕೆಜೋಳದ ಗರಿ, ಮರದ ಕೊಂಬೆ ಮಾತ್ರ ಮಸುಕಾಗಿದ್ದು ಬಂಡೆ ಚೊಕ್ಕವಾಗಿದ್ದರೆ ಅದು ಗಾಳಿಯ ಗುರುತು, ಸರಿ ಮಾಡುವಂಥದ್ದು ಏನೂ ಇಲ್ಲ.

ಹಿನ್ನೆಲೆ ಕಿತ್ತಳೆ, ಇಲ್ಲವೇ ಪೂರ್ತಿ ಕಪ್ಪು

ಕುಂದವಾಡ ಕೆರೆ ಏರಿಯ ಮೇಲೆ ನಿಂತು ಊರಿನ ಕಡೆ ಮುಖ ಮಾಡಿ ಎರಡು ನಿಮಿಷ ಶಟರ್ ತೆರೆದರೆ ಆಕಾಶ ಬೆಳಗಾದ ಹಾಗೆ ಬರುತ್ತದೆ. ಅದು ಊರಿನ ದೀಪಗಳ ಬೆಳಕು, ಧೂಳಿಗೆ ತಾಗಿ ಹರಡಿದ್ದು. ಗೆರೆ ಸರಿಯಿದ್ದು ಆಕಾಶ ಮಾತ್ರ ಜಾಸ್ತಿ ಆಗಿದೆ ಅಂದ್ರೆ ಇದು ಶಟರ್ ಸಮಯದ ಕೆಲಸ, ಇಲ್ಲಿ ಧಾರಾಳವಾಗಿ ಇಳಿಸಿ. ಚಿತ್ರ ಬರೆಯಲು ಅಷ್ಟು ಹೊತ್ತು ಬೇಕೇ ಬೇಕು ಅಂದ್ರೆ ಒಂದು ಕಪ್ಪು ರಟ್ಟು ಇಟ್ಟುಕೊಳ್ಳಿ. ನೀವು ಜಾಗ ಬದಲಿಸುವಾಗ, ಬಣ್ಣದ ಹಾಳೆ ಬದಲಿಸುವಾಗ, ಸ್ನೇಹಿತರು ಲೆನ್ಸಿಗೆ ತಾಗದ ಹಾಗೆ ರಟ್ಟು ಅಡ್ಡ ಹಿಡಿಯಲಿ. ಶಟರ್ ತೆರೆದೇ ಇರುತ್ತದೆ, ಆದರೆ ಆಕಾಶದ ಲೆಕ್ಕ ನಿಲ್ಲುತ್ತದೆ.

ದುರ್ಗದಿಂದ ಚಳ್ಳಕೆರೆ, ಹಿರಿಯೂರು ಕಡೆಯ ಬಯಲಲ್ಲಿ ಅಮಾವಾಸ್ಯೆ ಹೊತ್ತಿಗೆ ಇದರ ಉಲ್ಟಾ: ಗೆರೆ ಮಾತ್ರ ಇದೆ, ಉಳಿದದ್ದು ಕರಿ ಹಲಗೆ. ಐಎಸ್‌ಒ ಏರಿಸಿದರೆ ಗೆರೆ ಬಿಳಿಚಿಕೊಳ್ಳುತ್ತದೆ, ಅದು ಎರಡಕ್ಕೂ ಸೇರಿದ್ದು ಅಂತ ಆಗಲೇ ಹೇಳಿದೆ. ಇಲ್ಲಿ ದಾರಿ ಎರಡು. ಒಂದು, ಚಂದ್ರನಿರುವ ದಿನ ಹೋಗುವುದು. ಹುಣ್ಣಿಮೆ ಚಂದ್ರ ಮೇಲೆ ಬಂದಾಗ ಎಫ್/4, ಐಎಸ್‌ಒ 400 ಇಟ್ಟರೆ ಸುಮಾರು ಒಂದು ನಿಮಿಷಕ್ಕೆ ಬಂಡೆ, ಹುಲ್ಲು ಹಗಲಿನಂತೆ ಮೂಡುತ್ತವೆ. ಎಫ್/8 ಆದರೆ ಸುಮಾರು ನಾಲ್ಕು ನಿಮಿಷ. ಬೆಳದಿಂಗಳ ಭಾವ ಉಳಿಯಬೇಕಾದರೆ ಇದರ ಅರ್ಧವೋ ಕಾಲು ಭಾಗವೋ ಸಾಕು. ಇನ್ನೊಂದು, ಬಂಡೆಗೂ ನೀವೇ ಟಾರ್ಚಿನಿಂದ ಬೆಳಕು ಬಳಿಯುವುದು.

ಬಂಡೆಗೆ ಬೆಳಕು ಬಳಿದರೆ ಕಲೆ ಕಲೆ, ಇಲ್ಲವೇ ಚಪ್ಪಟೆ

ನಮ್ಮ ಕಡೆಯ ಬಂಡೆಗಳಷ್ಟು ಚೆನ್ನಾಗಿ ಟಾರ್ಚಿನ ಬೆಳಕು ಹಿಡಿಯುವ ವಸ್ತು ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒರಟು ಮೈ, ಸೀಳು, ಒಂದರ ಮೇಲೊಂದು ಕೂತ ಗುಂಡುಗಳು. ಆದರೆ ಕ್ಯಾಮೆರಾ ಪಕ್ಕದಲ್ಲೇ ನಿಂತು ನೇರ ಬೆಳಕು ಬಿಟ್ಟರೆ ಆ ಒರಟೆಲ್ಲ ಮಾಯ, ಗೋಡೆಯ ಹಾಗೆ ಕಾಣುತ್ತದೆ. ನೆರಳು ಇದ್ದರೆ ಮಾತ್ರ ಕಲ್ಲಿನ ಮೈ ಕಾಣುವುದು. ಕ್ಯಾಮೆರಾದಿಂದ ದೂರ, ಬಂಡೆಯ ಪಕ್ಕಕ್ಕೆ ಹೋಗಿ, ಅದರ ಮೈ ಸವರುವ ಹಾಗೆ ಓರೆಯಾಗಿ ಬೆಳಕು ಬಿಡಿ. ಪ್ರತಿ ಸೀಳೂ ಎದ್ದು ಬರುತ್ತದೆ.

ಕಲೆ ಬರುವುದು ಟಾರ್ಚ್ ಒಂದೇ ಜಾಗದಲ್ಲಿ ನಿಂತಾಗ. ಮೊದಲಿಂದ ಕೊನೆವರೆಗೆ ಅಲುಗಿಸುತ್ತಲೇ ಇರಿ, ಒಂದರ ಮೇಲೊಂದು ಹಾಯುವ ಹಾಗೆ. ದೂರದ ಲೆಕ್ಕವೂ ನೆನಪಿರಲಿ. 2 ಮೀಟರ್ ದೂರದ ಬಂಡೆಗೆ ಬಿದ್ದ ಬೆಳಕಿನ ಕಾಲು ಭಾಗ ಮಾತ್ರ 4 ಮೀಟರ್ ದೂರದ ಬಂಡೆಗೆ ಬೀಳುತ್ತದೆ. ಹತ್ತಿರದ ಗುಂಡಿಗೆ 5 ಸೆಕೆಂಡ್ ಕೊಟ್ಟರೆ ಹಿಂದಿನದಕ್ಕೆ 20 ಸೆಕೆಂಡ್ ಕೊಡಬೇಕು. ಮನಸ್ಸಿನಲ್ಲಿ ಎಣಿಸಿಕೊಂಡೇ ಬಳಿಯಿರಿ. ಎಣಿಕೆ ಇದ್ದರೆ ಮುಂದಿನ ಫೋಟೊದಲ್ಲಿ ಏನು ಬದಲಿಸಬೇಕು ಅಂತ ಗೊತ್ತಾಗುತ್ತದೆ.

ಒಂದು ಮಾತು ಇಲ್ಲೇ ಹೇಳಬೇಕು. ದುರ್ಗದ ಏಳು ಸುತ್ತಿನ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಸಂಜೆಗೆ ಬಾಗಿಲು ಹಾಕುತ್ತಾರೆ, ಟ್ರೈಪಾಡ್ ತರಲು ಅನುಮತಿ ಬೇಕು. ಓಬವ್ವನ ಕಿಂಡಿಯಲ್ಲಿ ರಾತ್ರಿ ಬೆಳಕು ಬಳಿಯುವ ಆಸೆ ಎಲ್ಲರಿಗೂ ಇದೆ, ನನಗೂ ಇದೆ. ಕದ್ದು ಹೋಗಿ ಮಾಡುವ ಕೆಲಸ ಅದಲ್ಲ. ಅಂಥದ್ದೇ ಬಂಡೆ ಊರ ಹೊರಗಿನ ಹೊಲಗಳಲ್ಲಿ ಬೇಕಾದಷ್ಟಿವೆ, ಹೊಲದವರನ್ನು ಕೇಳಿದರೆ ಬೇಡ ಅನ್ನುವವರು ಕಡಿಮೆ. ಒಬ್ಬರೇ ಹೋಗಬೇಡಿ. ಈ ಕಲ್ಲುಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಬಂಡೆಯ ಸಂದಿಗೆ ಕೈ ಹಾಕುವ ಮೊದಲು ಬೆಳಕು ಬಿಟ್ಟು ನೋಡಿ.

ಫೋಟೊದಲ್ಲಿ ನಾನೇ ಭೂತದ ಹಾಗೆ ಕಾಣಿಸುತ್ತಿದ್ದೇನೆ

ನಿಮ್ಮ ಮೇಲೆ ಬೆಳಕು ಬಿದ್ದಿದೆ, ಇಲ್ಲವೇ ನೀವು ಒಂದೇ ಕಡೆ ಜಾಸ್ತಿ ಹೊತ್ತು ನಿಂತಿದ್ದೀರಿ. ಕಪ್ಪು ಬಟ್ಟೆ, ಉದ್ದ ತೋಳು. ಬಿಳಿ ಚಪ್ಪಲಿ, ವಾಚು, ಬೆಲ್ಟಿನ ಬಕಲ್ ಕೂಡ ಹೊಳೆಯುತ್ತವೆ. ಟಾರ್ಚ್ ಮೈಯಿಂದ ದೂರ ಹಿಡಿಯಿರಿ, ಬಾಯಿಗೆ ಕಪ್ಪು ಹಾಳೆಯ ಕೊಳವೆ ಸುತ್ತಿದರೆ ಬೆಳಕು ನಿಮ್ಮ ಕೈಗೆ ಬೀಳುವುದಿಲ್ಲ. ದೂರದ ಊರಿನ ದೀಪಗಳ ಮುಂದೆ ನಿಂತರೆ ಬೆಳಕು ಬೀಳದಿದ್ದರೂ ನಿಮ್ಮ ಆಕಾರ ಕಪ್ಪಾಗಿ ಮೂಡುತ್ತದೆ. ಅದಕ್ಕೆ ಮದ್ದು ಜಾಗ ಬದಲಿಸುವುದು ಮಾತ್ರ.

ಬೇಕೆಂದೇ ಯಾರನ್ನೋ ನಿಲ್ಲಿಸಿದ್ದು ಅವರು ಪಾರದರ್ಶಕವಾಗಿ ಬಂದರೆ ಅವರು ಅಲ್ಲಾಡಿದ್ದಾರೆ. ಶುರುವಿನಲ್ಲೇ ಒಂದು ಸಣ್ಣ ಫ್ಲ್ಯಾಶ್ ಹೊಡೆದು ಅವರನ್ನು ಹಿಡಿದುಕೊಳ್ಳಿ, ಆಮೇಲೆ ಗೆರೆ ಎಳೆಯಿರಿ. 1949ರಲ್ಲಿ ಛಾಯಾಗ್ರಾಹಕ ಗ್ಯೋನ್ ಮಿಲಿ ಅವರು ಕತ್ತಲೆ ಕೋಣೆಯಲ್ಲಿ ಚಿತ್ರಕಾರ ಪಿಕಾಸೊ ಕೈಗೆ ಪುಟ್ಟ ದೀಪ ಕೊಟ್ಟು ಗಾಳಿಯಲ್ಲಿ ಚಿತ್ರ ಬರೆಸಿದಾಗಲೂ, ಗೆರೆಯ ಹಿಂದೆ ಪಿಕಾಸೊ ಮುಖ ಚೊಕ್ಕವಾಗಿ ಮೂಡಿದ್ದು ಫ್ಲ್ಯಾಶ್ ಬೆಳಕಿನಿಂದ.

ಅಕ್ಷರ ಉಲ್ಟಾ, ಅಕ್ಷರಕ್ಕೆ ಅಕ್ಷರ ಅಂಟಿಕೊಂಡಿದೆ

ಕ್ಯಾಮೆರಾಗೆ ಮುಖ ಮಾಡಿ ಬರೆದರೆ ಅದು ಕನ್ನಡಿಯಲ್ಲಿ ಕಂಡ ಹಾಗೆ ಬರುವುದೇ. 1935ರಲ್ಲಿ ಅಮೆರಿಕದ ಕಲಾವಿದ ಮ್ಯಾನ್ ರೇ ತನ್ನದೇ ಫೋಟೊ ತೆಗೆದುಕೊಳ್ಳುತ್ತಾ ಗಾಳಿಯಲ್ಲಿ ಬೆಳಕಿನ ಗೆರೆ ಎಳೆದಿದ್ದ. ಎಲ್ಲರೂ ಸುಮ್ನೆ ಗೀಚಿದ್ದು ಅಂದುಕೊಂಡಿದ್ದರು. 2009ರಲ್ಲಿ ಎಲನ್ ಕೇರಿ ಎಂಬ ಛಾಯಾಗ್ರಾಹಕಿ ಅದಕ್ಕೆ ಕನ್ನಡಿ ಹಿಡಿದು ನೋಡಿದಾಗ ಅದು ಅವನ ಸಹಿ ಅಂತ ಗೊತ್ತಾಯಿತು. ನಮಗೆ ಈಗ ಫೋಟೊ ತಿರುಗಿಸುವುದು ಫೋನಿನಲ್ಲೇ ಆಗುತ್ತದೆ. ಆದರೆ ಹಿನ್ನೆಲೆಯೂ ತಿರುಗುತ್ತದೆ. ದುರ್ಗದ ಗುಡ್ಡದ ಸಾಲು ಎಡ ಬಲ ಅದಲುಬದಲಾದರೆ ಊರಿನವರು ಕೂಡಲೇ ಹಿಡಿಯುತ್ತಾರೆ. ಗುರುತು ಸಿಗದ ಬಯಲಾದರೆ ತಿರುಗಿಸಿ, ಗುರುತಿನ ಜಾಗವಾದರೆ ಉಲ್ಟಾ ಬರೆಯುವುದನ್ನು ಹಗಲಲ್ಲಿ ಕಲಿತು ಹೋಗಿ.

ಕನ್ನಡ ಅಕ್ಷರಕ್ಕೆ ಇನ್ನೊಂದು ಕಷ್ಟ ಇದೆ: ತಲೆಕಟ್ಟು, ಒತ್ತು, ಕೊಂಬು ಅಂತ ಕೈ ಎತ್ತಿ ಎತ್ತಿ ಬರೆಯಬೇಕು. ಟಾರ್ಚ್ ಉರಿಯುತ್ತಲೇ ಇದ್ದರೆ ಎಲ್ಲಾ ಸೇರಿ ಗಂಟಾಗುತ್ತದೆ. "ದುರ್ಗ" ಅಂತ ಬರೆಯುವುದನ್ನೇ ತೆಗೆದುಕೊಳ್ಳಿ. ತಲೆಕಟ್ಟು ಹಣೆಯ ಮಟ್ಟಕ್ಕೆ, ಅಕ್ಷರದ ತಳ ಸೊಂಟದ ಮಟ್ಟಕ್ಕೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ದ ಬರೆದು, ಕೊಂಬು ಎಳೆದು, ಟಾರ್ಚಿನ ಬಾಯಿಗೆ ಅಂಗೈ ಮುಚ್ಚಿ. ಒಂದು ಹೆಜ್ಜೆ ಪಕ್ಕಕ್ಕೆ. ಅಂಗೈ ತೆಗೆದು ಗ, ಮತ್ತೆ ಮುಚ್ಚಿ ತಲೆಕಟ್ಟಿನ ಜಾಗಕ್ಕೆ ಕೈ ಒಯ್ದು ತೆರೆಯಿರಿ. ಮತ್ತೆ ಮುಚ್ಚಿ, ಅರ್ಧ ಹೆಜ್ಜೆ, ಅರ್ಕಾವೊತ್ತು. ಬಟನ್ ಒತ್ತಿ ಆರಿಸಬೇಡಿ: ಅಗ್ಗದ ಟಾರ್ಚ್‌ಗಳಲ್ಲಿ ಒಂದೊಂದು ಒತ್ತಿಗೂ ಬೆಳಕು ಬದಲಾಗುತ್ತದೆ, ಜಾಸ್ತಿ, ಕಡಿಮೆ, ಮಿಟುಕುವುದು ಅಂತ. ಎರಡನೇ ಅಕ್ಷರ ಮಂಕಾಗಿ ಮೂರನೆಯದು ಚುಕ್ಕಿಯಾಗಿ ಬರುವುದು ಹೀಗೇ. ಹೆಜ್ಜೆ ಸಮವಾಗಿ ಬರಲು ನೆಲದ ಮೇಲೆ ಮೂರು ಕಲ್ಲು ಇಟ್ಟುಕೊಳ್ಳಿ, ಕಾಲಿಗೆ ಸಿಕ್ಕರೆ ಸಾಕು, ಕಣ್ಣಿಗೆ ಕಾಣಬೇಕಿಲ್ಲ.

ಬೆಳಕಿನ ಗೋಳ ಸೊಟ್ಟಗಿದೆ

ಬೆಳಕಿನ ಗೋಳ ಬರಲು ದಾರಕ್ಕೆ ಎಲ್‌ಇಡಿ ಕಟ್ಟಿ ಮೇಲೆ ಕೆಳಗೆ ಗಿರಗಿರ ತಿರುಗಿಸುತ್ತಾ ನೆಲದ ಒಂದು ಬಿಂದುವಿನ ಸುತ್ತ ನೀವು ನಡೆಯುತ್ತೀರಿ. ಗೋಳ ದುಂಡಗೆ ಬರಬೇಕಾದರೆ ಪ್ರತಿ ಸುತ್ತಿನಲ್ಲೂ ದೀಪ ನೆಲದ ಒಂದೇ ಬಿಂದುವಿನ ಮೇಲೆ ಹಾಯಬೇಕು, ಕೈ ಅದೇ ಎತ್ತರದಲ್ಲಿರಬೇಕು. ಮೊಟ್ಟೆಯ ಆಕಾರ ಬಂದರೆ ಕೈ ಏರಿಳಿದಿದೆ. ಎರಡು ಗೋಳ ಸೇರಿಸಿದ ಹಾಗಿದ್ದರೆ ಬಿಂದು ತಪ್ಪಿದೆ. ನೆಲದ ಮೇಲೆ ಒಂದು ನಾಣ್ಯ ಇಟ್ಟು, ದೀಪ ಅದಕ್ಕೆ ತಾಗುವಷ್ಟು ಹತ್ತಿರ ಹಾಯಲಿ. ಗೋಳದ ಒಂದು ಮಗ್ಗುಲು ದಟ್ಟ, ಇನ್ನೊಂದು ಖಾಲಿ ಇದ್ದರೆ ನಡಿಗೆ ಸಮವಿಲ್ಲ.

ಸ್ಟೀಲ್ ಉಲ್‌ನಿಂದ ಕಿಡಿ ಬರುತ್ತಿಲ್ಲ

ಸ್ಟೀಲ್ ಉಲ್ ಅಂದ್ರೆ ಸಣ್ಣ ಲೋಹದ ಎಳೆಗಳ ಉಂಡೆ, ಅದನ್ನು ತಂತಿಯ ಪಂಜರಕ್ಕೆ ತುಂಬಿ ಹೊತ್ತಿಸಿ ತಿರುಗಿಸಿದರೆ ಕಿಡಿ ಹಾರುತ್ತದೆ. ಪಾತ್ರೆ ತಿಕ್ಕುವ ಹೊಳೆಯುವ ಸ್ಕ್ರಬ್ಬರ್ ಉರಿಯುವುದಿಲ್ಲ, ಅದು ಸ್ಟೇನ್‌ಲೆಸ್. ಉರಿಯುವುದು ಹಾರ್ಡ್‌ವೇರ್ ಅಂಗಡಿಯಲ್ಲಿ ಪಾಲಿಶ್ ಕೆಲಸಕ್ಕೆ ಮಾರುವ, ಕೂದಲಿನಷ್ಟು ಸಣ್ಣ ಎಳೆಯ ಕಬ್ಬಿಣದ ಉಲ್. ಒತ್ತಾಗಿ ತುಂಬಿದರೆ ಗಾಳಿ ಸಿಗದೆ ಆರುತ್ತದೆ, ಬಿಡಿಸಿ ಸಡಿಲವಾಗಿ ತುಂಬಬೇಕು. ದೋಷ ಇಷ್ಟೇ. ಆದರೆ ನಮ್ಮ ಕಡೆ ಇದನ್ನು ಮಾಡಬೇಡಿ ಅಂತಲೇ ನಾನು ಹೇಳುವುದು. ಸಂಕ್ರಾಂತಿ ದಾಟಿದರೆ ದುರ್ಗದ ಗುಡ್ಡದ ಹುಲ್ಲೆಲ್ಲ ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ಜೋಗಿಮಟ್ಟಿಯಂಥ ಕಾಡಿನ ಹತ್ತಿರವಂತೂ ಯೋಚನೆಯನ್ನೂ ಮಾಡಬಾರದು. ಕಿಡಿಯೇ ಬೇಕಿದ್ದರೆ ಹಸಿ ನೆಲದಲ್ಲಿ, ಪಕ್ಕದಲ್ಲಿ ಬಕೆಟ್ ನೀರು ಇಟ್ಟುಕೊಂಡು, ದೀಪಾವಳಿಯ ಸುರುಸುರು ಬತ್ತಿ ಹಿಡಿಯಿರಿ. ಎಫ್/11, ಐಎಸ್‌ಒ 100ರಲ್ಲಿ ಶುರು ಮಾಡಿ ನೋಡಿಕೊಂಡು ಹೋಗಿ.

ಫೋನಿನಲ್ಲಿ ಗೆರೆ ತುಂಡು ತುಂಡು

ನೈಟ್ ಮೋಡ್ ಬೇಡ. ಅದು ಒಂದೇ ಉದ್ದ ಎಕ್ಸ್‌ಪೋಶರ್ ಅಲ್ಲ, ಹಲವು ಚಿಕ್ಕ ಫೋಟೊ ತೆಗೆದು ಜೋಡಿಸುತ್ತದೆ, ಓಡುವ ಬೆಳಕನ್ನು ತಪ್ಪು ಅಂದುಕೊಂಡು ಅಳಿಸಲೂ ನೋಡುತ್ತದೆ. ಸೆಟ್ಟಿಂಗ್ ನಾವೇ ಇಡುವ ಪ್ರೊ ಮೋಡ್ ಇದ್ದರೆ ಅದರಲ್ಲಿ ಶಟರ್ 10 ರಿಂದ 30 ಸೆಕೆಂಡ್, ಐಎಸ್‌ಒ ಅತಿ ಕಡಿಮೆ, ಫೋಕಸ್ ಮ್ಯಾನುಯಲ್, 3 ಸೆಕೆಂಡ್ ಟೈಮರ್. ಹೆಚ್ಚಿನ ಫೋನ್‌ಗಳಲ್ಲಿ ಅಪರ್ಚರ್ ಬದಲಿಸಲು ಬರುವುದಿಲ್ಲ, ಅದು ಅಗಲವಾಗಿ ತೆರೆದೇ ಇರುತ್ತದೆ. ಹಾಗಾಗಿ ಗೆರೆ ಬೆಳ್ಳಗಾದರೆ ಉಳಿದಿರುವ ದಾರಿ ಟಾರ್ಚನ್ನೇ ಮಂಕು ಮಾಡುವುದು. ಹಾಳೆಯ ಪದರ ಜಾಸ್ತಿ ಮಾಡುತ್ತಾ ಹೋಗಿ. ಲೆನ್ಸಿನ ಗಾಜನ್ನು ಮೊದಲು ಒರೆಸಿ, ಬೆರಳ ಜಿಡ್ಡು ಇದ್ದರೆ ಪ್ರತಿ ದೀಪಕ್ಕೂ ಉದ್ದ ಗೀಟು ಬರುತ್ತದೆ.

ಚಿಕ್ಕ ಪುಟ್ಟ ಉಳಿದವು

ನೀವು ಎಳೆದ ಗೆರೆಗೆ ಎದುರು ಬದಿಯಲ್ಲಿ, ಫೋಟೊದ ನಡುವಿನ ಆಚೆ, ತಲೆಕೆಳಗಾಗಿ ಹಸಿರು ಗೆರೆಯೊಂದು ಕಂಡರೆ ಅದು ಲೆನ್ಸಿನ ಮುಂದಿನ ಫಿಲ್ಟರ್ ಪ್ರತಿಫಲನ. ಯುವಿ ಫಿಲ್ಟರ್ ಬಿಚ್ಚಿಡಿ.

30 ಸೆಕೆಂಡ್ ಫೋಟೊ ಆದಮೇಲೆ ಕ್ಯಾಮೆರಾ ಇನ್ನೂ 30 ಸೆಕೆಂಡ್ ಸುಮ್ಮನಿದ್ದರೆ ಹ್ಯಾಂಗ್ ಆಗಿಲ್ಲ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಇದೆ. ಶಟರ್ ಮುಚ್ಚಿ ಅಷ್ಟೇ ಹೊತ್ತಿನ ಇನ್ನೊಂದು ಕಪ್ಪು ಫೋಟೊ ತೆಗೆದು, ಅದರಲ್ಲಿನ ಬಿಸಿ ಚುಕ್ಕಿಗಳನ್ನು (ಸೆನ್ಸರಿನಿಂದಲೇ ಮೂಡುವ ಹೊಳೆಯುವ ಚುಕ್ಕಿಗಳನ್ನು) ಮೊದಲಿನದರಿಂದ ಕಳೆಯುತ್ತದೆ. ನಡುವೆ ಬ್ಯಾಟರಿ ತೆಗೆಯಬೇಡಿ.

ಒಂದು ಫೋಟೊ ನೀಲಿ, ಮುಂದಿನದು ಹಳದಿ ಬಂದರೆ ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆಯ ಸೆಟ್ಟಿಂಗ್) ಆಟೊದಲ್ಲಿದೆ. 4000 ಕೆಲ್ವಿನ್ ಹತ್ತಿರ ಒಂದು ಕಡೆ ನಿಲ್ಲಿಸಿ, ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ಉಳಿಸಿ.

ಡಿಸೆಂಬರ್, ಜನವರಿಯಲ್ಲಿ ಸೂಳೆಕೆರೆಯಂಥ ನೀರಿನ ಪಕ್ಕ ಮಧ್ಯರಾತ್ರಿ ದಾಟಿದ ಮೇಲೆ ಫೋಟೊಗಳು ಒಂದೊಂದಾಗಿ ಮಂಜಾಗುತ್ತಾ ಹೋದರೆ ಲೆನ್ಸಿನ ಮೇಲೆ ಇಬ್ಬನಿ ಕೂತಿದೆ. ಒರೆಸಿದರೆ ಮತ್ತೆ ಕೂರುತ್ತದೆ. ಹುಡ್ ಹಾಕಿ, ಫೋಟೊ ನಡುವೆ ಲೆನ್ಸಿನ ಮೇಲೆ ಒಣ ಟವೆಲ್ ಹೊದಿಸಿ.

ಯಾವುದಕ್ಕೂ ಸಿಗದ ದೋಷ

ಏನು ಅಂತಲೇ ಗೊತ್ತಾಗದಿದ್ದರೆ ಸೆಟ್ಟಿಂಗ್ ಏನೂ ಬದಲಿಸದೆ ಮೂರು ಫೋಟೊ ತೆಗೆಯಿರಿ. ಮೊದಲನೆಯದು ಲೆನ್ಸಿಗೆ ಮುಚ್ಚಳ ಹಾಕಿ. ಅದರಲ್ಲಿ ಚುಕ್ಕಿ ಕಂಡರೆ ಸೆನ್ಸರಿನದ್ದು. ಮಸುಕಾದ ಬೆಳಕಿನ ಪಟ್ಟೆ ಕಂಡರೆ ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್ ಕಡೆಯಿಂದ ಬೆಳಕು ನುಗ್ಗಿದೆ, ತಲೆಗೆ ಕಟ್ಟಿದ ಟಾರ್ಚಿನಿಂದ ಇದು ಸುಲಭವಾಗಿ ಆಗುತ್ತದೆ, ಅಲ್ಲಿಗೆ ಕಪ್ಪು ಟೇಪ್ ಹಾಕಿ. ಎರಡನೆಯದು ಮುಚ್ಚಳ ತೆಗೆದು, ಟಾರ್ಚ್ ಹಚ್ಚದೆ. ಹಿನ್ನೆಲೆಯ ಹೊಳಪು, ಫೋಕಸ್, ಅಲುಗಾಟ ಮೂರೂ ಇದರಲ್ಲೇ ಗೊತ್ತಾಗುತ್ತವೆ. ಮೂರನೆಯದು ಟಾರ್ಚ್ ಬೀಸಿ. ಎರಡನೆಯದರಲ್ಲಿ ಇಲ್ಲದ ಕಲೆ ಮೂರನೆಯದರಲ್ಲಿ ಬಂದರೆ ಅದು ಟಾರ್ಚಿನಿಂದಲೇ ಬಂದದ್ದು. ಆಗ ಚೌಕಟ್ಟಿನ ಎಡಭಾಗದಲ್ಲಿ ಒಮ್ಮೆ, ಬಲಭಾಗದಲ್ಲಿ ಒಮ್ಮೆ ಬೀಸಿ ನೋಡಿ. ಟಾರ್ಚಿನ ಜೊತೆ ಕಲೆಯೂ ಜಾಗ ಬದಲಿಸಿದರೆ ಲೆನ್ಸಿನ ಪ್ರತಿಫಲನ, ಬದಲಿಸದೆ ಅಲ್ಲೇ ಇದ್ದರೆ ಟಾರ್ಚಿನ ಬೆಳಕು ಆ ಜಾಗದ ಯಾವುದೋ ವಸ್ತುವಿನ ಮೇಲೆ ಬಿದ್ದು ಹೊಳೆಯುತ್ತಿದೆ. ಹೋಗಿ ನೋಡಿದರೆ ಒಂದು ನೀರಿನ ಬಾಟಲಿಯೋ, ಬೇಲಿಯ ತಂತಿಯೋ ಸಿಗುತ್ತದೆ.